ಇವತ್ತೊಂದು ದಿನ ಸೊಂಟ ನೋವು

ಆಲಂಕಾರು
೨ ಜುಲೈ ೨೦೨೫

ಪ್ರೀತಿಯ ಚಿನ್ನುವಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ, ಕೆಂಪು ಹುಂಜವೊಂದನ್ನು ಬಿಟ್ಟು. ಕಳೆದ ಆದಿತ್ಯವಾರ ನಿನ್ನ ಸೋದರಮಾವ ಬಂದಿದ್ದ, ಅದು ಊಟಕ್ಕೆ ಪದಾರ್ಥವಾಯಿತು.

ಫೋನಿನಲ್ಲಿ ಮಾತಾಡಿದರೆ ನಿನ್ನ ಹತ್ತಿರ ಮಾತಾಡಿದ ಹಾಗೇ ಆಗುವುದಿಲ್ಲ. ಹಾಸ್ಟೆಲಿಗೆಲ್ಲ ಒಂದೇ ಫೋನು, ಅದೂ ವಾರಕ್ಕೊಮ್ಮೆ. ಹಿಂದೆ ಸಾಲು ನಿಂತ ಹುಡುಗಿಯರು 'ಬೇಗ ಮುಗಿಸೇ' ಎನ್ನುವುದು ನನಗೆ ಇಲ್ಲಿಗೆ ಕೇಳುತ್ತದೆ. ಅದಕ್ಕೇ ಪೆನ್ನು ಹಿಡಿದೆ. ಇತ್ತೀಚೆಗೆ ನಾನು ಪೆನ್ನು ಹಿಡಿಯುವುದು ಸೊಸೈಟಿಯಲ್ಲಿ ಸಹಿ ಹಾಕಲು ಮಾತ್ರ. ಅಕ್ಷರ ನೋಡಿ ನಗಬೇಡ ಮಾರಾಯ್ತಿ.

ವಿಶೇಷವೆಂದರೆ ಮನೆಗೆ ಹೊಸ ದೋಟಿ ಬಂತು. ಮಾವಿನಕಾಯಿ ಕೊಯ್ಯುವ ಬಿದಿರಿನ ದೋಟಿಯಲ್ಲ, ಕಾರ್ಬನ್ ಫೈಬರಿನದು. ಕೊಡೆಯ ಕೋಲಿನ ಹಾಗೆ ಒಂದರೊಳಗಿಂದ ಒಂದನ್ನು ಎಳೆಯುತ್ತ ಹೋದರೆ ಅಡಿಕೆ ಮರದ ತಲೆ ಮುಟ್ಟುತ್ತದೆ. ತುದಿಗೆ ಪೈಪು ಸಿಕ್ಕಿಸಿದರೆ ನೆಲದಲ್ಲೇ ನಿಂತು ಕೊಳೆರೋಗದ ಮದ್ದು ಬಿಡಬಹುದು, ಕತ್ತಿ ಸಿಕ್ಕಿಸಿದರೆ ಗೊನೆ ಕೊಯ್ಯಬಹುದು. ಮರ ಹತ್ತುವ ಕೆಲಸವೇ ಇಲ್ಲ. ಮೇ ತಿಂಗಳಲ್ಲಿ ತರಬೇತಿ ಶಿಬಿರವೂ ಆಯಿತು. ಸರ್ಟಿಫಿಕೇಟು ಗೋಡೆಯಲ್ಲಿ ತೂಗುತ್ತಿದೆ. ಅದರಲ್ಲಿ ನನ್ನನ್ನು 'ಅಚ್ಯುತ' ಎಂದು ತಿದ್ದಿ ದೊಡ್ಡ ಮನುಷ್ಯನನ್ನಾಗಿ ಮಾಡಿದ್ದಾರೆ.

ನಮ್ಮ ತೋಟಕ್ಕೆ ಮದ್ದು ಬಿಟ್ಟಾಯಿತು. ಕಡಬದ ಕಡೆ ಬೇರೆಯವರ ಎರಡು ತೋಟವೂ ಮುಗಿಯಿತು. ಮಳೆ ಸ್ವಲ್ಪ ಬಿಟ್ಟರೆ ಇನ್ನೂ ಒಂದೆರಡು ಕಡೆ ಆಗಬೇಕು. ನಿನ್ನ ಫೀಸಿನ ಎರಡನೆಯ ಕಂತು ಕಟ್ಟಿಯಾಯಿತು. ನೀನು ಓದುವುದೊಂದು ನೋಡಿಕೋ.

ಇಂತಿ ನಿನ್ನ ಅಪ್ಪ,
ಅಚ್ಚುತ

ಚಿನ್ನೂ, ತಲೆಗೆ ಎಣ್ಣೆ ಹಾಕು. ಉಪ್ಪಿನಕಾಯಿ ಮುಗಿದರೆ ಹೇಳು. — ಅಮ್ಮ


ಸುಳ್ಯ
೧೩ ಜುಲೈ ೨೦೨೫

ಪ್ರೀತಿಯ ಅಪ್ಪಾ,

ಹುಂಜಕ್ಕೆ ನನ್ನ ಸಂತಾಪ. ಮಾವನಿಗೆ ಅಜೀರ್ಣವಾಗಲಿ.

ನಿಮ್ಮ ಪತ್ರವನ್ನು ರೂಮಿನಲ್ಲಿ ಎಲ್ಲರೂ ಓದಿದೆವು. ಕಬಕದ ಜುಮಾನಾ ನನ್ನ ಪಕ್ಕದ ಮಂಚದವಳು. "ನಿನ್ನ ಅಪ್ಪ ಕಾಮಿಡಿ ಉಂಟು ಮಾರಾಯ್ತಿ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ನಮ್ಮ ಕನ್ನಡ ಮೇಡಂ ಓದಿದ್ದರೆ ಕೆಂಪು ಶಾಯಿಯ ಬಾಟಲಿಯನ್ನೇ ಸುರಿಯುತ್ತಿದ್ದರು. ಈ ವಾರ ನಮಗೆ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ನಡೆಯುತ್ತಿದೆ. ವಾಕ್ಯ ಓದಿದ ಕೂಡಲೇ ಕೆಲಸ ಮಾಡಿದ್ದು ಯಾರು, ಕರ್ತೃ ಎಲ್ಲಿ ಎಂದು ಹುಡುಕಬೇಕಂತೆ.

ನಿಮ್ಮ ಪತ್ರದಲ್ಲಿ ಹುಡುಕಿದೆ. ದೋಟಿ ಬಂತು, ಶಿಬಿರ ಆಯಿತು, ಮದ್ದು ಬಿಟ್ಟಾಯಿತು, ತೋಟ ಮುಗಿಯಿತು, ಫೀಸು ಕಟ್ಟಿಯಾಯಿತು. ಒಂದರಲ್ಲೂ ಕರ್ತೃವಿಲ್ಲ! ದೋಟಿ ತಾನೇ ನಡೆದುಕೊಂಡು ಬಂತಾ? ಮದ್ದು ತಾನೇ ಮರಕ್ಕೆ ಹಾರಿತಾ? ಹುಂಜವನ್ನು ಕೂಡ ನೀವು ಕೊಯ್ಯಲಿಲ್ಲ, ಅದೇ ಪದಾರ್ಥವಾಯಿತು. ಮುಂದಿನ ಪತ್ರದಲ್ಲಿ ಪ್ರತಿಯೊಂದು ವಾಕ್ಯಕ್ಕೂ ಕರ್ತೃ ಹಾಕಿ ಬರೆಯಬೇಕು. ಇಲ್ಲದಿದ್ದರೆ ಸೊನ್ನೆ ಅಂಕ.

ಅಮ್ಮನಿಗೆ ಹೇಳಿ, ಎಣ್ಣೆ ಹಾಕಿದ್ದೇನೆ.

ನಿಮ್ಮ ಮಗಳು,
ಚಿನ್ಮಯೀ


ಆಲಂಕಾರು
೧೦ ಆಗಸ್ಟ್ ೨೦೨೫

ಚಿನ್ನೂ,

ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಬರೆಯಲು ಕುಳಿತದ್ದು, ಎದ್ದದ್ದು ಲೆಕ್ಕವಿಲ್ಲ. ನಿನ್ನ ಅಮ್ಮ ಬೈದಳು, "ಬರೆಯುದಾದ್ರೆ ಸರಿಯಾಗಿ ಬರೀರಿ, ಇಲ್ಲದಿದ್ರೆ ಕಾಗದ ಹಾಳು ಮಾಡ್ಬೇಡಿ." ಹಾಗಾಗಿ ಸರಿಯಾಗಿ ಬರೆಯುತ್ತೇನೆ. ಇದನ್ನು ರೂಮಿನಲ್ಲಿ ಎಲ್ಲರಿಗೂ ಓದಬೇಡ.

ನೀನು ಕೇಳಿದ ಕರ್ತೃ ನಿನ್ನ ಅಮ್ಮ. ದೋಟಿ ಹಿಡಿಯುವುದು ಅವಳು. ನಮ್ಮ ತೋಟಕ್ಕೆ ಮದ್ದು ಬಿಟ್ಟದ್ದೂ, ಬೇರೆಯವರ ತೋಟ ಮುಗಿಸಿದ್ದೂ, ನಿನ್ನ ಫೀಸು ದುಡಿದದ್ದೂ ಅವಳೇ. ನಾನು ಪೈಪು ಎಳೆಯುತ್ತೇನೆ.

ನಾನು ಮರ ಹತ್ತುವುದನ್ನು ನೀನು ನೋಡಿದ್ದೀ. ಒಂದು ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ಹೋಗುತ್ತಿದ್ದೆ. ಊರಿನವರು ಪ್ರೀತಿಯಿಂದ 'ಮಂಗಚ್ಚುತ' ಎನ್ನುತ್ತಿದ್ದರು, ನನಗೆ ಅದು ಬಿರುದಿನ ಹಾಗೆ ಇತ್ತು. ಎಪ್ರಿಲಿನಲ್ಲಿ ನಿನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ ಒಂದು ದಿನ ಒಣಗಿದ ಹಿಂಗಾರ ತೆಗೆಯಲು ಕೆರೆಯ ಬದಿಯ ಮರ ಹತ್ತಿದೆ. ಕಾಲು ಜಾರಲಿಲ್ಲ, ಮರ ಅಲುಗಲಿಲ್ಲ. ಸುಮ್ಮನೆ ಕೆಳಗೆ ನೋಡಿದೆ, ಹೆದರಿಕೆಯಾಯಿತು. ಅಷ್ಟೇ. ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ. ಮರವನ್ನು ತಬ್ಬಿಕೊಂಡು ನಿಂತುಬಿಟ್ಟೆ.

"ಎಂತ ಆಯ್ತು?" ಎಂದು ಕೆಳಗಿನಿಂದ ಅಮ್ಮ ಕೇಳಿದಳು. "ಎಂತ ಇಲ್ಲ" ಎಂದೆ. ಅವಳಿಗೆ ಗೊತ್ತಾಯಿತು. ಅವಳು ಬೊಬ್ಬೆ ಹಾಕಲಿಲ್ಲ, ಯಾರನ್ನೂ ಕರೆಯಲಿಲ್ಲ. ಮರದ ಬುಡದಲ್ಲಿ ಕುಳಿತು ಮಾತು ಶುರು ಮಾಡಿದಳು. ಬಂಗುಡೆ ಮೀನಿಗೆ ಎಷ್ಟಾಗಿದೆ, ರೇಷನ್ ಅಂಗಡಿಯಲ್ಲಿ ಯಾರು ಯಾರ ಜೊತೆ ಜಗಳವಾಡಿದರು, ಆಚೆಮನೆಯ ದನ ಯಾಕೆ ಗಬ್ಬ ನಿಲ್ಲುವುದಿಲ್ಲ. ಅದನ್ನು ಕೇಳುತ್ತ ಕೇಳುತ್ತ ಗೇಣು ಗೇಣೇ ಇಳಿದೆ. ಕೆಳಗೆ ಬಂದ ಮೇಲೆ "ಚಾಯ ಕುಡಿಯುವನಾ" ಎಂದಳು. ಆ ದಿನದ ಬಗ್ಗೆ ಈವರೆಗೆ ಒಂದು ಮಾತು ಆಡಲಿಲ್ಲ.

ಆಮೇಲೆ ನಾನು ಆಳೆತ್ತರಕ್ಕಿಂತ ಮೇಲೆ ಹತ್ತಿಲ್ಲ. ದೋಟಿಯ ಶಿಬಿರಕ್ಕೆ ಹೆಸರು ಕೊಟ್ಟದ್ದು ಅದಕ್ಕೇ. ಅಲ್ಲೂ ಮರ್ಯಾದೆ ಹೋಯಿತು. ದೋಟಿ ಹಿಡಿದವನು ಕತ್ತು ಎತ್ತಿ ತುದಿಯನ್ನೇ ನೋಡುತ್ತಿರಬೇಕು, ನೋಡಿದರೆ ನನಗೆ ತಲೆ ತಿರುಗುತ್ತದೆ. ಅಮ್ಮ ಜೊತೆಗೆಂದು ಬಂದವಳು, "ಕೊಡಿ ಇಲ್ಲಿ" ಎಂದು ಹಿಡಿದಳು. ಮೊದಲ ದಿನವೇ ಅವಳು ಕೊಯ್ದ ಗೊನೆ ಕೆಳಗೆ ಹಿಡಿದ ಬಲೆಗೆ ಸರಿಯಾಗಿ ಬಿತ್ತು. ಸರ್ಟಿಫಿಕೇಟು ಮಾತ್ರ ನನ್ನ ಹೆಸರಿಗೆ ಬಂತು. ದೋಟಿಯ ಬಿಲ್ಲೂ ನನ್ನ ಹೆಸರಿಗೆ, ಯಾಕೆಂದರೆ ಸಬ್ಸಿಡಿಗೆ ಪಹಣಿ ಬೇಕು, ಪಹಣಿ ನನ್ನದು. ಬ್ಯಾಂಕಿನಲ್ಲಿ ಅಡವಿಟ್ಟದ್ದು ಅವಳ ಎರಡೆಳೆ ಸರ. ಅದಕ್ಕೆ ಮಾತ್ರ ಪಹಣಿ ಬೇಕಾಗಲಿಲ್ಲ.

ಮೊದಲು ಹೋದದ್ದು ಕಡಬದ ಮಹಾಗಣಪತಿಯವರ ತೋಟಕ್ಕೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ದೋಟಿ ಹಿಡಿಯುವವಳು ಇವಳು ಅಂತ. ಸಂಜೆ ಅವರು ದೋಟಿ ಹಿಡಿದವಳಿಗೆ ಹೆಣ್ಣಾಳಿನ ಸಂಬಳ ಕೊಟ್ಟರು, ಪೈಪು ಎಳೆದ ನನಗೆ ಗಂಡಾಳಿನ ಸಂಬಳ! ದೋಟಿಯ ರೇಟು, ಅಂದರೆ ದೋಟಿ ತಂದು ಕೆಲಸ ಮಾಡುವವರ ಕೂಲಿ, ಅದಕ್ಕಿಂತ ಎಷ್ಟೋ ಮೇಲೆ, ಅದು ಇಬ್ಬರಿಗೂ ಇಲ್ಲ. ಕೇಳಿದರೆ, "ಹೆಂಗಸಿಗೆ ದೋಟಿಯ ರೇಟು ಕೊಟ್ರೆ ನಾಳೆ ಅಡಿಕೆ ಹೆಕ್ಕುವವರೆಲ್ಲ ಬಾಯಿ ತೆಗೀತಾರೆ ಅಚ್ಚುತಾ, ಊರಿನ ಕ್ರಮ ಅಂತ ಉಂಟಲ್ಲ" ಎಂದರು.

ಎರಡನೆಯ ತೋಟದಲ್ಲಿ ಯಜಮಾನರು "ದೋಟಿ ಯಾರದ್ದು?" ಎಂದರು. ನಾನು ತಡವರಿಸುವಾಗ ಅಮ್ಮನೇ ಬಾಯಿ ಹಾಕಿದಳು, "ಇವರದ್ದೇ. ಇವತ್ತೊಂದು ದಿನ ಸೊಂಟ ನೋವು ಅಂತ ನಾನು ಹಿಡಿಯುದು." ಸಂಜೆ ನನ್ನ ಕೈಗೆ ದೋಟಿಯ ಪೂರ್ತಿ ರೇಟು ಬಂತು. ಅಂದಿನಿಂದ ಪ್ರತಿ ತೋಟದಲ್ಲೂ ನನಗೆ 'ಇವತ್ತೊಂದು ದಿನ' ಸೊಂಟ ನೋವು. ಈಗ ಅವಳು ಹೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ. ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದೂ ಅಭ್ಯಾಸವಾಗಿದೆ. ನಮ್ಮನ್ನು ಪಿಕಪ್ಪಿನಲ್ಲಿ ಕರೆದುಕೊಂಡು ಹೋಗುವ ಮೊಯ್ದೀನ್ ಬೆಳಿಗ್ಗೆ ಸಲಾಂ ಬದಲಿಗೆ "ಸೊಂಟ ಹೇಗುಂಟು ಮಾರಾಯ್ರೆ?" ಎಂದೇ ಕೇಳುವುದು.

ನಗು ಬರುತ್ತದೆ, ಅಲ್ಲವಾ? ಆ ಹಣ ಕೈಗೆ ಬರುವಾಗ ನನಗೆ ನಾಚಿಕೆಯಾಗುತ್ತದೆ ಚಿನ್ನೂ. ಅವಳು ಬೆವರು ಒರೆಸಿಕೊಳ್ಳುತ್ತ ಆಚೆ ನಿಂತಿರುತ್ತಾಳೆ. ಅವರು ನನ್ನ ಕೈಗೆ ಕೊಟ್ಟು, "ಹುಷಾರು, ಸೊಂಟ ನೋಡ್ಕೊ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಕರ್ತೃ ಹಾಕಿದ್ದೇನೆ. ಅಂಕ ಕೊಡು.

ಅಪ್ಪ


ಸುಳ್ಯ
೨೪ ಆಗಸ್ಟ್ ೨೦೨೫

ಅಪ್ಪಾ,

ಪೂರ್ತಿ ಅಂಕ! ನಾನು ಈ ಪತ್ರವನ್ನು ಯಾರಿಗೂ ಓದಲಿಲ್ಲ, ಬಾತ್‌ರೂಮಿನಲ್ಲಿ ಕುಳಿತು ಒಬ್ಬಳೇ ಓದಿದೆ. ಅಳುವೂ ಬಂತು. ನೀವು ಮರದಲ್ಲಿ ಹೆದರಿ ನಿಂತದ್ದಕ್ಕೆ ಅತ್ತದ್ದು, ನಗಬೇಡಿ.

ಅದರಲ್ಲಿ ನಾಚಿಕೆ ಎಂತದಕ್ಕೆ? ಮಹಾಗಣಪತಿಯವರಿಗೆ ನಾಚಿಕೆಯಾಗಬೇಕು. ನಮ್ಮ ಅಮ್ಮ ದೋಟಿ ಹಿಡಿಯುತ್ತಾಳೆ ಎಂದು ನಾನು ಇಡೀ ಕಾಲೇಜಿಗೆ ಹೇಳುತ್ತೇನೆ, ನೋಡ್ತಾ ಇರಿ. ದಸರಾ ರಜೆಯಲ್ಲಿ ನಾನೂ ಬರುತ್ತೇನೆ. ಅಮ್ಮ ಮುಂದೆ, ನೀವು ಪೈಪು, ನಾನು ಬಲೆ.

ಅಮ್ಮನಿಗೆ ಒಂದು ಮುತ್ತು ಕೊಡಿ. ನೀವೇ ಕೊಡಬೇಕು, 'ಮುತ್ತು ಕೊಟ್ಟಾಯಿತು' ಎಂದು ಬರೆಯಬೇಡಿ.

ಚಿನ್ನು


ಸುಳ್ಯ
೨೦ ನವೆಂಬರ್ ೨೦೨೫

ಅಪ್ಪನಿಗೆ,

ಬರೆಯಲು ಸಮಯವಾಗಲಿಲ್ಲ. ದಿನಾ ಪರೀಕ್ಷೆ. ಆರೋಗ್ಯವಾಗಿದ್ದೇನೆ.

ಡಿಸೆಂಬರ್ ಇಪ್ಪತ್ತರಂದು ನಮ್ಮ ಕಾಲೇಜು ವಾರ್ಷಿಕೋತ್ಸವ. ಈ ವರ್ಷ ಕಷ್ಟಪಟ್ಟು ಮಕ್ಕಳನ್ನು ಓದಿಸುವ ಪೋಷಕರಿಗೆ ವೇದಿಕೆಯಲ್ಲಿ ಸನ್ಮಾನವಿದೆ. ಕನ್ನಡ ಮೇಡಂ ನನ್ನ ಹತ್ತಿರ ನಮ್ಮ ಮನೆಯವರ ಬಗ್ಗೆ ಒಂದು ಪುಟ ಬರೆಸಿಕೊಂಡರು. ನಾನು ನಿಮ್ಮ ಹೆಸರು ಕೊಟ್ಟಿದ್ದೇನೆ. ಮರ ಹತ್ತುವ ವಿಷಯ ಬರೆದಿದ್ದೇನೆ. ನೀವು ಬಿಳಿ ಅಂಗಿ, ಪಂಚೆ ಹಾಕಿಕೊಂಡು ಬೆಳಿಗ್ಗೆಯೇ ಬರಬೇಕು.

ಅಮ್ಮನಿಗೆ ಆ ದಿನ ಕೆಲಸವಿದ್ದರೆ ಬರುವುದು ಬೇಡ. ಪರವಾಗಿಲ್ಲ.

ಚಿನ್ಮಯೀ


ಆಲಂಕಾರು
೩೦ ನವೆಂಬರ್ ೨೦೨೫

ಚಿನ್ನೂ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಯಾವ ಮರ? ಹತ್ತಿದವನು ಯಾರು? ಆಗಸ್ಟಿನಲ್ಲಿ ನಾನು ಎದೆ ಬಿಚ್ಚಿ ಬರೆದದ್ದು ನಿನಗೆ ಮರೆತುಹೋಯಿತಾ? ಮೇಡಂ ಹತ್ತಿರ ಹೇಳಿ ಹೆಸರು ಬದಲಾಯಿಸು. ಅಮ್ಮನ ಹೆಸರು ಹಾಕು, ಈಶ್ವರಿ ಎಂದು ಬರೆ. ಆ ಶಾಲು ನನ್ನ ಹೆಗಲ ಮೇಲೆ ನಿಲ್ಲುವುದಿಲ್ಲ ಮಗಾ.

ದಸರಾ ರಜೆಯಲ್ಲೇ ನನಗೊಂದು ಸಂಶಯ ಬಂದಿತ್ತು. ಬಲೆ ಹಿಡಿಯುತ್ತೇನೆ ಎಂದು ಬರೆದವಳು, ಅಮ್ಮ "ಬಾ ಸವಣೂರಿನ ತೋಟಕ್ಕೆ" ಎಂದು ಕರೆದಾಗ ತಲೆನೋವು ಎಂದೆ. ಮೂರು ದಿನವೂ ತಲೆನೋವು. ನಮ್ಮ ಮನೆಯಲ್ಲಿ ಒಬ್ಬರಿಗೆ ಸೊಂಟ, ಒಬ್ಬರಿಗೆ ತಲೆ ಎಂದು ಮೊಯ್ದೀನ್ ನಗಾಡಿದ. ಅಮ್ಮ ನಗಲಿಲ್ಲ.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. "ಹೋಗಿ ಬನ್ನಿ, ಎಂತ ಆಯ್ತು? ಅಪ್ಪನಿಗೆ ಶಾಲು ಹಾಕುದು ಮಗಳಿಗೆ ಖುಷಿಯಲ್ವಾ?" ಎಂದಳು. ಆಮೇಲೆ ಒಳಗೆ ಹೋಗಿ, ಬೆಳಿಗ್ಗೆ ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಯಾಕೆ ಹೀಗೆ ಮಾಡಿದೆ? ನನಗೆ ಉತ್ತರ ಬೇಕು.

ಅಪ್ಪ


ಸುಳ್ಯ
೯ ಡಿಸೆಂಬರ್ ೨೦೨೫

ಅಪ್ಪಾ,

ಈ ಪತ್ರವನ್ನು ದಯವಿಟ್ಟು ಅಮ್ಮನಿಗೆ ಓದಿ ಹೇಳಬೇಡಿ.

ನನ್ನ ಕ್ಲಾಸಿನಲ್ಲಿ ಸಿಂಚನಾ ಎಂಬವಳಿದ್ದಾಳೆ. ಸವಣೂರಿನ ವಿಷ್ಣುಪ್ರಸಾದರ ಮಗಳು. ನೀವು ಮದ್ದು ಬಿಡಲು ಹೋಗುವ ತೋಟ ಅವರದ್ದೇ ಎಂದು ನನಗೆ ಗೊತ್ತಿರಲಿಲ್ಲ. ಚೌತಿಯ ರಜೆ ಮುಗಿಸಿ ಬಂದವಳು ಊಟದ ಹಾಲಿನಲ್ಲಿ ಎಲ್ಲರ ಎದುರು ಅಭಿನಯ ಮಾಡಿ ತೋರಿಸಿದಳು. "ನಮ್ಮ ತೋಟಕ್ಕೆ ಒಂದು ಜೋಡಿ ಬಂದಿತ್ತು ಮಾರಾಯ್ತಿ. ಹೆಂಗಸು ಪ್ಯಾಂಟು, ಗಂಡನ ಅಂಗಿ, ಟೊಪ್ಪಿ ಹಾಕ್ಕೊಂಡು ದೋಟಿ ಹಿಡಿಯುದು. ಗಂಡ ಸೊಂಟಕ್ಕೆ ಕೈ ಕೊಟ್ಟು ಹೀಗೆ ನಿಲ್ಲುದು. ಯಾವಾಗ ಬಂದ್ರೂ ಅವನಿಗೆ ಇವತ್ತೊಂದು ದಿನ ಸೊಂಟ ನೋವು!" ನೀವು ನಿಲ್ಲುವ ಹಾಗೆಯೇ ನಿಂತು ತೋರಿಸಿದಳು. ಅಮ್ಮ ಕತ್ತೆತ್ತಿ, ಬಾಯಿ ಅರ್ಧ ತೆರೆದು ತುದಿ ನೋಡುವುದನ್ನೂ ತೋರಿಸಿದಳು. ಎಲ್ಲರೂ ನಕ್ಕರು.

ನಾನೂ ನಕ್ಕೆ ಅಪ್ಪಾ.

ಎಲ್ಲರಿಗಿಂತ ಜೋರಾಗಿ ನಕ್ಕೆ, ಯಾರಿಗೂ ಗೊತ್ತಾಗಬಾರದು ಎಂದು. ಅದಕ್ಕೆ ನಾಲ್ಕೈದು ದಿನ ಮೊದಲು ತಾನೆ ನಿಮಗೆ 'ಇಡೀ ಕಾಲೇಜಿಗೆ ಹೇಳುತ್ತೇನೆ' ಎಂದು ಬರೆದಿದ್ದೆ. ಜುಮಾನಾ ಒಬ್ಬಳೇ ನಗಲಿಲ್ಲ. "ಅವಳ ಕೆಲಸ ಅವಳು ಮಾಡುದಲ್ವಾ, ನಗುದೆಂತ?" ಎಂದಳು. ಅವಳಿಗೆ ಅದು ನನ್ನ ಅಮ್ಮ ಎಂದು ಗೊತ್ತೇ ಇಲ್ಲ.

ಮೇಡಂ ಬರೆಸಿದಾಗ ಮೊದಲು ಅಮ್ಮನ ಹೆಸರನ್ನೇ ಬರೆದೆ. ಆಮೇಲೆ ಯೋಚಿಸಿದೆ. ಅಮ್ಮ ವೇದಿಕೆಗೆ ಬಂದರೆ ಸಿಂಚನಾ ಗುರುತು ಹಿಡಿಯುತ್ತಾಳೆ. ನೀವು ಬಿಳಿ ಅಂಗಿ, ಪಂಚೆಯಲ್ಲಿ ಬಂದರೆ ಗುರುತು ಸಿಗಲಿಕ್ಕಿಲ್ಲ. ಅಷ್ಟು ಲೆಕ್ಕ ಹಾಕಿದೆ. ಹರಿದು ಹಾಕಿ ನಿಮ್ಮ ಹೆಸರು ಬರೆದೆ. ಈಗ ಆಮಂತ್ರಣದಲ್ಲಿ ಅಚ್ಚಾಗಿದೆ.

ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ. ಆದರೆ ನೀವು ಬರದಿದ್ದರೆ ಎಲ್ಲರೂ ಕೇಳುತ್ತಾರೆ. ಬನ್ನಿ ಅಪ್ಪಾ.

ಚಿನ್ನು


ಆಲಂಕಾರು
೨೨ ಡಿಸೆಂಬರ್ ೨೦೨೫

ಚಿನ್ನೂ,

ನೀನು ವೇದಿಕೆಯ ಹತ್ತಿರ ಬರಲಿಲ್ಲ. ಊಟಕ್ಕೂ ಸಿಗಲಿಲ್ಲ. ಮೊಯ್ದೀನ್ ಗೇಟಿನ ಹೊರಗೆ ತುಂಬ ಹೊತ್ತು ಕಾದ, ಆಮೇಲೆ ಹೊರಟೆವು.

ನಾನು ನಿಜ ಹೇಳಬೇಕೆಂದೇ ಬಂದದ್ದು. ನಿನಗೆ ಕಷ್ಟವಾದರೆ ಆಗಲಿ, ನಿನ್ನ ಅಮ್ಮನ ಹೆಸರು ಒಮ್ಮೆಯಾದರೂ ಮೈಕಿನಲ್ಲಿ ಕೇಳಬೇಕು ಅಂತ. ದಾರಿಯುದ್ದಕ್ಕೂ ಮೊಯ್ದೀನನ ಎದುರು ಬಾಯಿಪಾಠ ಮಾಡಿದ್ದೆ. 'ಮರ ಹತ್ತುವುದು ನಾನಲ್ಲ. ದೋಟಿ ಹಿಡಿಯುವುದು ನನ್ನ ಹೆಂಡತಿ ಈಶ್ವರಿ.' ಎರಡೇ ವಾಕ್ಯ. ಎರಡಕ್ಕೂ ಕರ್ತೃ ಇತ್ತು.

ನಿಮ್ಮ ಮೇಡಂ ಚೆನ್ನಾಗಿ ಓದಿದರು, 'ಮುಗಿಲೆತ್ತರದ ಮರಗಳನ್ನು ಹತ್ತಿ ಮಗಳ ಭವಿಷ್ಯ ಕಟ್ಟುತ್ತಿರುವ ಶ್ರಮಜೀವಿ' ಅಂತ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಪ್ರಿನ್ಸಿಪಾಲರು ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಈಗಲೂ ಮರ ಹತ್ತುತ್ತೀರಾ ಅಚ್ಯುತರೇ?" ಎಂದು ಕೇಳಿದರು. ನಾನು ಕೆಳಗೆ ನೋಡಿದೆ. ಅಷ್ಟು ತಲೆಗಳು. ಕೆರೆಯ ಬದಿಯ ಮರದಲ್ಲಿ ಆದ ಹಾಗೆಯೇ ಆಯಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬಾಯಿ ತಾನಾಗಿ ಹೇಳಿತು, "ಇವತ್ತೊಂದು ದಿನ ಸೊಂಟ ನೋವು."

ಎಲ್ಲರೂ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. "ನೋವಿದ್ದರೂ ದುಡಿಯುವ ತಂದೆ" ಎಂದರು ಪ್ರಿನ್ಸಿಪಾಲರು. ಮೂರನೆಯ ಸಾಲಿನಲ್ಲಿ ನೀನು ತಲೆ ತಗ್ಗಿಸಿ ಕುಳಿತಿದ್ದೆ. ನಿನ್ನ ಎದುರಿನ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕದವಳನ್ನು ತಿವಿದಳು. ಅವಳೇ ಸಿಂಚನಾ ಇರಬೇಕು. ಅವಳಿಗೆ ಗೊತ್ತಾಯಿತು ಮಗಾ. ಮುಚ್ಚಿಡಲು ನೀನು ಅಷ್ಟೆಲ್ಲ ಮಾಡಿದೆ, ನಾನೇ ಮೈಕಿನಲ್ಲಿ ಹೇಳಿಬಿಟ್ಟೆ.

ಮನೆಗೆ ಬಂದಾಗ ಅಮ್ಮ ಇನ್ನೂ ಬಂದಿರಲಿಲ್ಲ. ಆ ದಿನ ಕೆಲಸ ಒಪ್ಪಿಕೊಂಡಾಗಿತ್ತು, ಮೊಯ್ದೀನನ ತಮ್ಮನ ಗಾಡಿಯಲ್ಲಿ ಒಬ್ಬಳೇ ಹೋಗಿದ್ದಳು. ಬಂದವಳು ದೋಟಿ ಒರೆಸಿಟ್ಟು "ಊಟಕ್ಕೆ ಎಂತ ಇತ್ತು?" ಎಂದು ಕೇಳಿದಳು. ನಾನು ಶಾಲು ತೆಗೆದು ಅವಳ ಹೆಗಲಿಗೆ ಹಾಕಿದೆ. "ಸೆಕೆ ಆಗ್ತದೆ" ಎಂದು ತೆಗೆದು, ಮಡಚಿ, ಕಪಾಟಿನಲ್ಲಿಟ್ಟಳು.

ನನಗೆ ಇನ್ನು ಬರೆಯಲು ಮುಖವಿಲ್ಲ.

ಅಪ್ಪ


ಆಲಂಕಾರು
೧೮ ಜನವರಿ ೨೦೨೬

ಚಿನ್ನೂ,

ಇದು ನಾನು ಬರೆಯುವ ಮೊದಲ ಪತ್ರ. ಇಷ್ಟು ದಿನ ಅಪ್ಪನ ಕಾಗದದ ಬುಡದಲ್ಲಿ ಎಣ್ಣೆ, ಉಪ್ಪಿನಕಾಯಿ ಅಂತ ಬರೆದು ಮುಗಿಸ್ತಿದ್ದೆ. ನಿಮ್ಮ ಹಾಗೆ ಪುಸ್ತಕದ ಕನ್ನಡ ನನಗೆ ಬರುದಿಲ್ಲ, ಮಾತಾಡಿದ ಹಾಗೆ ಬರೀತೇನೆ. ನಿಮ್ಮ ಮೇಡಂಗೆ ತೋರಿಸ್ಬೇಡ.

ಡಿಸೆಂಬರಿನಲ್ಲಿ ನೀನು ಬರೆದ ಪತ್ರ ನಾನು ಓದಿದೆ. ಅಪ್ಪ ಓದಿ ಹೇಳ್ಲಿಲ್ಲ, ಅವರನ್ನು ಬೈಬೇಡ. ಆ ದಿನ ಅವರು ಅನ್ನ ಬಿಟ್ಟು ಎದ್ದರು, ಹಾಗೆ ತೆಗೆದು ಓದಿದೆ. ನನಗೂ ಓದ್ಲಿಕ್ಕೆ ಬರ್ತದೆ ಅಂತ ನಿಮಗಿಬ್ಬರಿಗೂ ಮರೆತ ಹಾಗೆ ಉಂಟು. ಓದಿದ ಮೇಲೂ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟದ್ದು ನಾನೇ.

ನನಗೆ ಸಿಟ್ಟು ಬಂತಾ ಅಂತ ನೀನು ಕೇಳಬಹುದು. ಸಿಟ್ಟಲ್ಲ. ಬೇಜಾರಾಯ್ತು. ತುಂಬ ಬೇಜಾರಾಯ್ತು ಮಗಾ. ಹಿಂಗಾರ ನೋಡುವಾಗ ನನ್ನ ಬಾಯಿ ತೆರೀತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಈಗ ದೋಟಿ ಹಿಡಿಯುವಾಗ ಬಾಯಿ ಮುಚ್ಚಿದೆಯಾ ಅಂತ ನೋಡ್ಕೊಳ್ತೇನೆ, ಆಗ ಗುರಿ ತಪ್ತದೆ.

ಆ ಇಪ್ಪತ್ತನೇ ತಾರೀಕಿಗೆ ನಾನು ಹೋದದ್ದು ಸಿಂಚನಾಳ ಮನೆಗೇ. ಬೇಕು ಅಂತ ಅಲ್ಲ, ಮೊದಲೇ ಒಪ್ಪಿಕೊಂಡದ್ದು. ವಿಷ್ಣುಪ್ರಸಾದರು "ಅಚ್ಚುತ ಎಲ್ಲಿ?" ಅಂತ ಕೇಳಿದ್ರು. "ಸುಳ್ಯಕ್ಕೆ ಹೋಗಿದ್ದಾರೆ, ಸನ್ಮಾನ ಉಂಟು" ಅಂದೆ. "ಎಂತದಕ್ಕೆ?" ಅಂದ್ರು. "ಮರ ಹತ್ತುದಕ್ಕೆ" ಅಂದೆ. ಅವರು ಬಿದ್ದು ಬಿದ್ದು ನಗಾಡಿದ್ರು. ಅಡಿಕೆ ಹೆಕ್ಕುವ ಹೆಂಗಸರೂ ನಗಾಡಿದ್ರು. ನಾನೂ ನಕ್ಕೆ. ನೀನು ನಕ್ಕ ಹಾಗೆಯೇ, ಎಲ್ಲರಿಗಿಂತ ಜೋರು. ಆಗ ನನಗೆ ಗೊತ್ತಾಯ್ತು ನೀನು ಹೇಗೆ ನಕ್ಕದ್ದು ಅಂತ.

ಸಂಜೆ ಅವರು ಹೆಣ್ಣಾಳಿನ ಸಂಬಳ ಕೊಟ್ರು. "ಅಚ್ಚುತ ಇದ್ದಿದ್ರೆ ಪೂರ್ತಿ ಕೊಡ್ತಿದ್ದೆ, ದೋಟಿ ಅವನದ್ದಲ್ವಾ?" ಅಂದ್ರು. ದೋಟಿ ನನ್ನ ಸರದ್ದು ಅಂತ ಹೇಳ್ಲಿಕ್ಕೆ ನಾಲಗೆಯವರೆಗೆ ಬಂತು. ಹೇಳ್ಲಿಲ್ಲ. ಹೇಗೆ ಹೇಳುದು? ದೋಟಿ ಇವರದ್ದೇ, ಸೊಂಟ ನೋವು ಅಂತ ಊರಲ್ಲಿ ಶುರು ಮಾಡಿದ್ದೇ ನಾನು. ಒಂದು ದಿನಕ್ಕೆ ಅಂತ ಹೇಳಿದ್ದು. ಅಪ್ಪನ ಮುಖ ಉಳೀಬೇಕು, ದುಡ್ಡೂ ಉಳೀಬೇಕು ಅಂತ. ಅದು ನನ್ನನ್ನೇ ಅಳಿಸಿ ಹಾಕ್ತದೆ ಅಂತ ಯಾರಿಗೆ ಗೊತ್ತಿತ್ತು? ದಾರಿಯಲ್ಲಿ ನನಗೂ ನಾಚಿಕೆ ಆಯ್ತು. ನಮ್ಮ ಮೂವರಲ್ಲಿ ನಾಚಿಕೆ ಆಗದವರು ಯಾರೂ ಉಳೀಲಿಲ್ಲ.

ಈಗ ಅಪ್ಪನೇ ಫೋನಿನಲ್ಲಿ ಮೊದಲೇ ಹೇಳ್ತಾರೆ, "ದೋಟಿ ಹಿಡಿಯುದು ಈಶ್ವರಿ. ರೇಟು ದೋಟಿದು. ಆಗ್ತದಾದ್ರೆ ಹೇಳಿ." ಮಹಾಗಣಪತಿಯವರು ಆಗುದಿಲ್ಲ ಅಂದ್ರು. ಇನ್ನೂ ಒಂದೆರಡು ತೋಟ ಹೋಯ್ತು. ವಿಷ್ಣುಪ್ರಸಾದರು ಎರಡು ದಿನ ಬಿಟ್ಟು "ಬನ್ನಿ ಮಾರಾಯ್ರೆ, ಅಡಿಕೆ ಉದುರ್ತಾ ಉಂಟು" ಅಂದ್ರು. ದುಡ್ಡು ಮೊದಲಿಗಿಂತ ಕಡಿಮೆ. ನಿನ್ನ ಪರೀಕ್ಷೆ ಫೀಸು ಕಟ್ಟಿದೆ. ಕಟ್ಟಿಯಾಯಿತು ಅಲ್ಲ, ನಾನು ಕಟ್ಟಿದೆ. ಮಜಾ ಎಂತ ಗೊತ್ತುಂಟಾ, ಗೊನೆ ಹೊತ್ತು ಹೊತ್ತು ಅಪ್ಪನಿಗೆ ಈಗ ನಿಜವಾಗಿ ಸೊಂಟ ನೋವು. ಮೊಯ್ದೀನ್ ನಂಬುದೇ ಇಲ್ಲ.

ಪರೀಕ್ಷೆ ಮುಗಿಯುವ ದಿನ ನಿನ್ನನ್ನು ಕರ್ಕೊಂಡು ಬರ್ಲಿಕ್ಕೆ ನಾನು ಬರ್ತೇನೆ. ಆ ವಾರ ಸವಣೂರಿನಲ್ಲಿ ಕೊನೆಯ ಕೊಯ್ಲು. ಮನೆಗೆ ಹೋಗಿ ಸೀರೆ ಉಟ್ಟು ಬರ್ಲಿಕ್ಕೆ ಸಮಯ ಇರುದಿಲ್ಲ. ಇದ್ದರೂ ಉಡುದಿಲ್ಲ. ಪ್ಯಾಂಟು, ಅಪ್ಪನ ಅಂಗಿ, ಟೊಪ್ಪಿ. ದೋಟಿ ಪಿಕಪ್ಪಿನ ಮೇಲೆ ಇರ್ತದೆ, ದೂರದಿಂದಲೇ ಕಾಣ್ತದೆ. ನಾನು ಗೇಟಿನ ಹತ್ತಿರವೇ ನಿಲ್ತೇನೆ.

ನಿನ್ನ ಫ್ರೆಂಡ್ಸ್ ಎಲ್ಲ ಹೊರಗೆ ಬರುವ ಹೊತ್ತು. ಅದು ಯಾರು ಅಂತ ನಿನ್ನನ್ನು ಯಾರಾದರೂ ಕೇಳ್ತಾರೆ. ನೀನು ಎಂತ ಹೇಳ್ತಿ ಅಂತ ನನಗೆ ಕೇಳಬೇಕು. ನಿನಗೆ ಆಗದಿದ್ದರೆ ನನ್ನ ಕಡೆ ನೋಡದೆ ಬಸ್ಸು ಹತ್ತು, ನಾನು ಹಿಂದಿನಿಂದ ಮನೆಗೆ ಬರ್ತೇನೆ, ಊಟ ಬಡಿಸ್ತೇನೆ, ಆ ಮಾತು ಎತ್ತುದಿಲ್ಲ. ಬಾಯಿಗೆ ಬಂದದ್ದು ಹೇಳು, ಏನೂ ಹೇಳದೆ ಇರು. ನನಗೆ ಹುಷಾರಿಲ್ಲ, ಅಪ್ಪನಿಗೆ ಹುಷಾರಿಲ್ಲ, ಇವತ್ತೊಂದು ದಿನ ಹೀಗೆ ಅಂತ ಮಾತ್ರ ಹೇಳ್ಬೇಡ.

ನಿನ್ನ ಅಮ್ಮ,
ಈಶ್ವರಿ